ಜೀವದಯೆಯ ಏಡಿಬೇಟೆ

ನನ್ನ ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಬೈಲಹೊಂಗಲದಲ್ಲಿ ಹಿಂಡಿ, ಹತ್ತಿಕಾಳಿನ ವ್ಯಾಪಾರಿ. ಮೂರು ದಿನ ಗೋವಾಕ್ಕೆ ಹೋಗಿ ಬಂದವರು ವ್ಯಾಪಾರಿಯಾಗಿ ಉಳಿಯಲಿಲ್ಲ, ಸಾಹಸಿಯಾದರು. ಹತ್ತು ಕಿಸೆಗಳ ಚಡ್ಡಿ ಹಾಕಿಕೊಂಡು ಅಂಗಡಿಯಲ್ಲಿ ಕೂರತೊಡಗಿದರು. ಅಷ್ಟೊಂದು ಕಿಸೆಗಳಲ್ಲಿ ಏನಿಟ್ಟುಕೊಳ್ಳುತ್ತಾರೆ ಎಂದು ಒಮ್ಮೆ ಅಕ್ಕನನ್ನು ಕೇಳಿದೆ. "ಅಡಕಿಪುಡಿ" ಅಂದಳು.

ನಾನು ಸವದತ್ತಿಯಲ್ಲಿ ಶಾಲಾ ಮಾಸ್ತರ. ಮಲಪ್ರಭೆಯ ಹಿನ್ನೀರು ನಮ್ಮ ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷದ ದಾರಿ. ಈ ಒಂದೇ ಕಾರಣಕ್ಕೆ ಮಾಮಾ ನನ್ನನ್ನು ತಮ್ಮ ಸಾಹಸದ ಪಾಲುದಾರನನ್ನಾಗಿ ಮಾಡಿಕೊಂಡರು. ಚಳಿಗಾಲದ ಒಂದು ರವಿವಾರ ಬೆಳಿಗ್ಗೆ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿದರು. ಒಳಗೆ ಗಾಳಿ ತುಂಬುವ ಕಯಾಕ್ ದೋಣಿ, ಎರಡು ಹುಟ್ಟು, ಎರಡು ಕಿತ್ತಳೆ ಬಣ್ಣದ ಜಾಕೆಟ್ಟು, ಮತ್ತೆ ಛತ್ರಿಯ ಹಾಗೆ ಮಡಚಿಟ್ಟ ನಾಲ್ಕು ನೈಲಾನ್ ಬಲೆಬೋನು.

"ಏಡಿ ಹಿಡ್ಯೂಣು ಬಾ" ಅಂದರು.

"ಹಿಡದು ಏನ್ ಮಾಡೂದ್ರಿ ಮಾಮಾರ? ನಮ್ಮ ಮನ್ಯಾಗ ತತ್ತೀನೂ ಒಳಗ ಬರೂದಿಲ್ಲ."

"ತಿನ್ನಾಕಲ್ಲೋ. ಹಿಡದು ಮತ್ತ ಬಿಡೂದು. ಜೀವದಯೆ. ವಿಡಿಯೋ ಹಾಕತೇನಿ."

ತನ್ನ ಪಾಡಿಗೆ ಕೆಸರಿನಲ್ಲಿದ್ದ ಏಡಿಯನ್ನು ಮೊದಲು ಸೆರೆ ಹಿಡಿಯುವುದು, ಆಮೇಲೆ ಬಿಡುಗಡೆ ಮಾಡಿ ದಯಾಳು ಎನಿಸಿಕೊಳ್ಳುವುದು. ಇಂಥ ಪುಣ್ಯದ ಉಪಾಯ ವ್ಯಾಪಾರಿಯ ತಲೆಗೆ ಮಾತ್ರ ಹೊಳೆದೀತು. ಹೀಗೆಲ್ಲ ಒಳಗೊಳಗೇ ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದೆ.

ದಂಡೆಯಲ್ಲಿ ಒಬ್ಬ ಮೀನುಗಾರ ಹೆಂಗಸು ತನ್ನ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದಳು. ನಾವು ಪಂಪು ಒತ್ತಿ ಬೆವರುವುದನ್ನು ನೋಡುತ್ತ ಕೈ ನಿಲ್ಲಿಸಿದಳು. ಮಾಮಾ ಬೋನಿನೊಳಗೆ ತಮ್ಮ ಅಂಗಡಿಯ ಶೇಂಗಾ ಹಿಂಡಿ ಕಟ್ಟಲು ಹೊರಟಾಗ ಅವಳಿಗೆ ತಡೆಯಲಾಗಲಿಲ್ಲ.

"ಯಪ್ಪಾ, ಏಡಿ ಅಂದ್ರ ಎಮ್ಮೀ ಏನ್ರಿ, ಹಿಂಡಿ ತಿನ್ನಾಕ? ಮೀನಿನ ತಲಿ ಕಟ್ರಿ. ಎಷ್ಟ್ ನಾರತೈತೋ ಅಷ್ಟ್ ಛಲೋ."

ತನ್ನ ಬುಟ್ಟಿಯಿಂದಲೇ ನಾಲ್ಕು ಮೀನಿನ ತಲೆ ತೆಗೆದುಕೊಟ್ಟಳು. ಮಾಮಾ ಮೂಗು ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು. "ನೀ ಕಟ್ಟು, ನನಗ ಸಂಜಿಮುಂದ ಪೂಜಿ ಐತಿ." ನನಗೂ ಪೂಜೆ ಇತ್ತು. ಆದರೂ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾನೇ ಕಟ್ಟಿದೆ.

ಬೋನು ಮುಳುಗಿದ ಜಾಗ ತಿಳಿಯಬೇಕಲ್ಲ, ಒಂದೊಂದರ ಹಗ್ಗದ ತುದಿಗೂ ಒಂದೊಂದು ಖಾಲಿ ನೀರಿನ ಬಾಟಲಿ ಕಟ್ಟುವ ಕೆಲಸವೂ ನನ್ನದೇ ಆಯಿತು. ಕಯಾಕಿನ ಮುಂದೆ ಮಾಮಾ, ಹಿಂದೆ ನಾನು. ಅವರು ಒಂದು ಕೈಯಲ್ಲಿ ಮೊಬೈಲು ಹಿಡಿದು ಮಾತಾಡುತ್ತ ಇನ್ನೊಂದರಲ್ಲಿ ಹುಟ್ಟು ಆಡಿಸುತ್ತಿದ್ದರು, ಹೀಗಾಗಿ ಬಹಳ ಹೊತ್ತು ನಾವು ಇದ್ದಲ್ಲೇ ಗಿರಗಿರ ತಿರುಗಿದೆವು. ದಂಡೆಯಿಂದ ಆ ಹೆಂಗಸು ನಗುವುದು ಕೇಳಿಸುತ್ತಿತ್ತು. ನಾಲ್ಕನೆಯ ಬೋನು ಇಳಿಸುವಾಗ ಬಾಟಲಿಯ ಮುಚ್ಚಳ ಸರಿಯಾಗಿ ಕೂತಿಲ್ಲವೆಂದು ನನ್ನ ಬೆರಳಿಗೆ ಗೊತ್ತಾಯಿತು. ಮಾಮಾ "ಲಗೂ ಬಿಡೋ, ಬಿಸಲು ಛಲೋ ಐತಿ" ಎಂದು ಅವಸರ ಮಾಡಿದರು. ಹಾಗೆಯೇ ಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಮೂರು ಬೋನು ಎತ್ತಿದೆವು. ಒಟ್ಟು ಐದು ಏಡಿ. ಮಾಮಾ ಹುಲಿ ಹಿಡಿದವರಂತೆ ಕೂಗಿದರು. ನಾಲ್ಕನೆಯದರ ಬಾಟಲಿ ಮಾತ್ರ ಎಲ್ಲೂ ಕಾಣಲಿಲ್ಲ. ಸ್ವಲ್ಪ ಹುಡುಕಿದೆವು, ಹುಡುಕಿದಂತೆ ಮಾಡಿದೆವು ಎನ್ನುವುದೇ ಸರಿ. "ಹೋಗ್ಲಿ ಬಿಡು, ಇನ್ನೊಂದು ತರಸೂಣಂತ" ಅಂದರು. ನಾನು ಮುಚ್ಚಳದ ಮಾತೆತ್ತಲಿಲ್ಲ.

ದಂಡೆಗೆ ಬಂದಾಗ ಹೆಂಗಸು ಎದ್ದು ಬಂದು ಬೋನಿನೊಳಗೆ ಇಣುಕಿದಳು. "ಹ್ಯಾಂಗೂ ನೀವು ತಿನ್ನಂಗಿಲ್ಲ. ಕೊಡ್ರಿ, ಸಾರು ಮಾಡತೇನಿ. ಮೀನಿನ ತಲಿ ನನ್ನವ ಅಲ್ಲೇನ್ರಿ?"

ಮಾಮಾ ಗಂಭೀರರಾದರು. "ಕೊಂದ ಪಾಪ ನಮಗ ತಗಲತೈತಿ ಬೇ" ಎಂದು ಅವಳಿಗೆ ತಿಳಿಸಿ ಹೇಳಿದರು. ಮೊಬೈಲು ನನ್ನ ಕೈಗೆ ಕೊಟ್ಟು, ನೀರಿನ ಅಂಚಿನಲ್ಲಿ ಕೂತು, ಒಂದೊಂದೇ ಏಡಿಯನ್ನು ಕಡ್ಡಿಯಿಂದ ನೀರಿಗೆ ದೂಡಿದರು. ಪ್ರತಿಯೊಂದಕ್ಕೂ ಕೈಮುಗಿದರು. ಕೊನೆಯದು ಬಿಡುಗಡೆಗೆ ಒಪ್ಪದೆ ಅವರ ಹೆಬ್ಬೆರಳು ಹಿಡಿದುಕೊಂಡಿತು. ಆಗ ಅವರ ಬಾಯಿಂದ ಬಂದ ಬೈಗುಳವನ್ನು ವಿಡಿಯೋದಿಂದ ತೆಗೆದುಹಾಕಬೇಕಾಯಿತು. ಹೆಂಗಸು ಹೋಗಿ ಮತ್ತೆ ಡಾಂಬರಿನ ಕೆಲಸಕ್ಕೆ ಕೂತಳು.

ವಿಡಿಯೋ ನಮ್ಮ ಬೀಗರು-ಬಿಜ್ಜರಲ್ಲೆಲ್ಲ ಓಡಾಡಿತು. ಕಿತ್ತೂರಿನ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಊಟದ ಸಾಲಿನಲ್ಲೇ ಮಾಮಾನ ಬೆನ್ನು ಚಪ್ಪರಿಸಿ, "ಇಂಥಾ ಕರುಣಾ ಎಲ್ಲಾರಿಗೂ ಬರೂದಿಲ್ಲ" ಅಂದರು. ಮಾಮಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ತಲೆ ತಗ್ಗಿಸಿದರು. ಪಕ್ಕದ ಎಲೆಯಲ್ಲಿ ಕೂತಿದ್ದ ನಾನು ಹಪ್ಪಳ ಮುರಿದೆ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯಿತು. ಒಂದು ಸಂಜೆ ಆ ಕಡೆ ಹೋದಾಗ ಅದೇ ಹೆಂಗಸು ದೂರದಿಂದಲೇ ಗುರುತು ಹಿಡಿದು ಕರೆದಳು.

"ಮಾಸ್ತರ, ನಿಮ್ಮ ಸಾಮಾನು ಸಿಕ್ಕೈತಿ. ಬಂದು ನೋಡ್ರಿ."

ಬಿರಿದ ಕೆಸರಿನ ಮೇಲೆ ನಮ್ಮ ನಾಲ್ಕನೆಯ ಬೋನು ಬಿದ್ದಿತ್ತು. ಒಳಗೆ ಏಡಿಯ ಚಿಪ್ಪುಗಳು, ಕಾಲುಗಳು, ಒಂದರ ಮೇಲೊಂದು. ಎಣಿಸಲು ಹೋಗಿ ಬಿಟ್ಟೆ. ಒಂದು ಮೂಲೆಯಲ್ಲಿ ಆಮೆ, ಬಲೆಯ ಕಣ್ಣಿನಲ್ಲಿ ಕುತ್ತಿಗೆ ತೂರಿಸಿದ್ದು ಹಾಗೆಯೇ ಒಣಗಿತ್ತು.

"ಮೊದಲ ಹೊಕ್ಕದ್ದು ಸತ್ತು ಹೋತು" ಎಂದು ಅವಳು ಕುಡುಗೋಲಿನಿಂದ ಬಲೆ ಕೊಯ್ಯುತ್ತ ಹೇಳಿದಳು. "ಅದರ ವಾಸನಿಗೆ ಮತ್ತೊಂದು ಬಂತು. ಅದೂ ಸತ್ತು ಹೋತು. ಹಿಂಗ ನಡದೈತಿ ನೋಡ್ರಿ, ಇಷ್ಟ್ ದಿನ. ನಾವು ಹಸಿವಿಗೆ ಹಿಡಿತೇವಿ, ಹೊಟ್ಟಿ ತುಂಬಿದ್ರ ಬಿಡತೇವಿ. ಇದಕ್ಕ ಹೊಟ್ಟೀನ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ನಾವು ತಕ್ಕವರಲ್ಲ ಎಂಬಂತಿತ್ತು. ಬಾಟಲಿ ಕಟ್ಟಿದವನು ನಾನೇ ಎಂದು ಅವಳಿಗೆ ಹೇಳಬಹುದಿತ್ತು. "ನಮ್ಮ ಮಾಮಾರಿಗೆ ಹೇಳತೇನಿ" ಅಂದೆ. ಇಷ್ಟು ದಿನ ಮಾಮಾನ ಚಡ್ಡಿಯ ಕಿಸೆ ಎಣಿಸಿ ನಗುತ್ತಿದ್ದವನ ಯೋಗ್ಯತೆ ಅಷ್ಟೇ.

ಮುಂದಿನ ರವಿವಾರ ಆ ಹರಿದ ಬೋನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ಆಮೆಯ ಚಿಪ್ಪನ್ನೂ ಹಾಕಿಕೊಂಡಿದ್ದೆ. ಅಂಗಡಿಯ ಗಾದಿಯ ಮುಂದೆ ಎಲ್ಲವನ್ನೂ ಸುರುವಿ, ನಡೆದದ್ದು ಹೇಳಿದೆ. ಮುಚ್ಚಳ ಸಡಿಲವಿದ್ದದ್ದನ್ನೂ ಈ ಸಲ ಹೇಳಿದೆ. ಮಾಮಾ ಬಗ್ಗಿದರು. ಹೆಬ್ಬೆರಳಿನಿಂದ ಆಮೆಯ ಚಿಪ್ಪನ್ನು ಸ್ವಲ್ಪ ಸರಿಸಿದರು. ಅವರ ಮನಸ್ಸಿನೊಳಗೆ ಏನೋ ಅಲುಗಾಡಿರಬೇಕು, ಈಗ ಏನಾದರೂ ಅಂದಾರು ಎಂದು ಕಾದೆ.

ಅವರು ಬಲೆಯ ಹರಿದ ಜಾಗವನ್ನು ಎರಡೂ ಕೈಯಿಂದ ಎಳೆದು ಜೋಡಿಸಿ ನೋಡಿದರು.

"ಇದನ್ನ ಹೊಲಿದ್ರ ಮತ್ತ ಉಪಯೋಗಕ್ಕ ಬರತೈತೇನೋ?" ಎಂದು ಕೇಳಿದರು.