ಮೊಳೆ ಬಾಚುವ ಬು ವುರ್ಯಾನಿ

ಇಂಡೋನೇಷ್ಯಾದ ಸೆಮಾರಾಂಗ್ ಹೆದ್ದಾರಿಯಲ್ಲಿ ಬೆಳಗಿನ ಐದೂವರೆಗೆ ಕೋಲಿನ ತುದಿಗೆ ಪಟ್ಟಿ ಅಯಸ್ಕಾಂತ ಕಟ್ಟಿಕೊಂಡು ಯಾರಾದರೂ ಬಂದರೆ ಅದು ಬು ವುರ್ಯಾನಿಯೇ, ಊರವರು ಅಮ್ಮ ಎಂಬರ್ಥದಲ್ಲಿ 'ಬು' ಎನ್ನುವ, ವಿಜ್ಞಾನದ ನಿವೃತ್ತ ಮೇಡಂ. ಪಂಕ್ಚರ್ ಅಂಗಡಿಯವರು ಗಿರಾಕಿಗಾಗಿ ಚೆಲ್ಲಿದ ಮೊಳೆಗಳನ್ನು, ಬೈಕಿನವರು ಬಿದ್ದು ಸಾಯುವ ಮೊದಲೇ, ದಿನಕ್ಕೊಂದು ಡಬ್ಬಿಯಷ್ಟು ಬಾಚುತ್ತಾರೆ. ಲಾರಿ ಹಾರನ್ ಹೊಡೆದರೆ ಲಾರಿಯೇ ಸರಿಯಬೇಕು, ಮೇಡಂ ಸರಿಯುವವರಲ್ಲ. "ಸಾಕು ಬಿಡಿ ಬು, ವಯಸ್ಸಾಯ್ತು" ಎಂದ ಪೊಲೀಸನಿಗೆ, "ಈ ಅಯಸ್ಕಾಂತದೊಳಗಿನ ಕಣಕಣಾನೂ ಒಂದೇ ಕಡೆ ಮುಖ ಮಾಡಿ ನಿಂತಿದೆ ಕಣಪ್ಪ, ಅದಕ್ಕೇ ಸೆಳೆಯುತ್ತೆ. ನಿಮ್ಮ ಠಾಣೇಲಿ ಒಬ್ಬೊಬ್ರು ಒಂದೊಂದು ಕಡೆ!" ಎಂದು ಪಾಠ ಹೇಳಿದ್ದರು. ಕಳೆದ ತಿಂಗಳು ಪಂಕ್ಚರ್ ಅಂಗಡಿಯ ಸುಕಿರ್ ಆ ಅಯಸ್ಕಾಂತವನ್ನು ಕಿತ್ತುಕೊಂಡು ಇದ್ದಿಲೊಲೆಗೆ ಹಾಕಿ ಕೆಂಪಗೆ ಕಾಯಿಸಿದ. "ಈಗ ಮೊಳೆ ಎತ್ತಿ ನೋಡೋಣ, ಬು ಗುರು!" ಮೇಡಂ ಇಕ್ಕಳದಿಂದ ಅದನ್ನೆತ್ತಿ, ಅವನು ಟ್ಯೂಬು ಮುಳುಗಿಸುವ ನೀರಿನ ತೊಟ್ಟಿಗೇ ಅದ್ದಿದರು. ಆರಿದ ಮೇಲೆ ಮೊಳೆ ಮುಟ್ಟಿಸಿದರೆ ಅಂಟಲಿಲ್ಲ. ಪಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ನಡೆದರು. ಮಾರನೆಯ ಬೆಳಿಗ್ಗೆ ಅವನಂಗಡಿಯ ಎದುರೇ ಸ್ಟೂಲು ಹಾಕಿ ಕುಳಿತು, ಇನ್ನೊಂದು ಅಯಸ್ಕಾಂತದಿಂದ ಆ ಉಕ್ಕಿನ ಪಟ್ಟಿಯನ್ನು ಒಂದೇ ದಿಕ್ಕಿಗೆ ಉಜ್ಜತೊಡಗಿದರು. ನೂರು ಸಲವೋ ಇನ್ನೂರು ಸಲವೋ, ಸುತ್ತ ಜನ ಸೇರಿದರು. ಕೊನೆಗೆ ಸುಕಿರನ ಬಾಗಿಲಲ್ಲಿ ಬಿದ್ದಿದ್ದ ಮೊಳೆಯೊಂದು ಟಕ್ಕನೆ ಅದಕ್ಕೆ ಅಂಟಿತು. "ಕಾಯಿಸಿದ್ರೆ ಸೆಳೆತ ಹೋಗುತ್ತೆ ಅಂತ ಏಳನೇ ಕ್ಲಾಸಲ್ಲಿ ನಾನೇ ಹೇಳ್ಕೊಟ್ಟಿದ್ದೆ ಅಲ್ವೇನೋ?" ಎಂದರು ಮೇಡಂ. "ಉಜ್ಜಿದ್ರೆ ಮತ್ತೆ ಬರುತ್ತೆ ಅಂತ ಹೇಳ್ಕೊಟ್ಟ ದಿನ ನೀನು ಚಕ್ಕರ್ ಹೊಡೆದಿದ್ದೆ."