ಕಿವಿ ಕತ್ತರಿಸಿದ ಪುಸ್ತಕ

ಪ್ರಾಣಿಗಳ ಬಗ್ಗೆ, ಮನುಷ್ಯ ವಿಕಾಸಗೊಂಡ ಬಗೆಯ ಬಗ್ಗೆ ಒಳ್ಳೆಯ ಪುಸ್ತಕ ಹೇಳಿ ಎಂದು ಈ ಗುಂಪಿನಲ್ಲಿ ಹಲವರು ಕೇಳಿದ್ದಿರಿ. ಇವತ್ತು ಗೋಕಾಕದ ಮನೆಯಲ್ಲಿ ಕಪಾಟು ತೆರೆದೆ. ಒಂದು ಹಳೆಯ ಪುಸ್ತಕದಿಂದ ಕಂಬಳಿಯ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ತುಕ್ಕಾನಟ್ಟಿಯಲ್ಲಿ ನಮ್ಮದು ಕುರಿ ಸಾಕುವ ಮನೆ. ಶಾಲೆಯಿಂದ ತಂದ ಆ ಪುಸ್ತಕವನ್ನು ಕಂಬಳಿಯ ಮೇಲಿಟ್ಟು ನಾನು ಗಟ್ಟಿಯಾಗಿ ಓದುತ್ತಿದ್ದೆ. ಅಜ್ಜ ಉಣ್ಣೆ ನೂಲುತ್ತ ಕೇಳುತ್ತಿದ್ದ. ಮಂಗನಂಥವನು ಹಂತಹಂತವಾಗಿ ನೆಟ್ಟಗೆ ನಿಲ್ಲುವ ಚಿತ್ರ ನೋಡಿ ಅವನ ಕೈ ನಿಂತಿತು.

"ಇವರೊಳಗ ಮೊದಲ ಕುರಿ ಸಾಕಿದಾಂವ ಯಾರವ್ವಾ?"

ಪುಸ್ತಕದಲ್ಲಿ ಅದಿರಲಿಲ್ಲ.

ಮರುದಿನ ಮರಳಿಸಲು ಹೊರಟರೆ ರಟ್ಟಿನ ಮೂಲೆಯೇ ಇಲ್ಲ! ಪುಸ್ತಕ ನಮ್ಮದೇ ಎಂದುಕೊಂಡು ಅಜ್ಜ, ಗುರುತಿಗೆಂದು ಕುರಿಮರಿಗಳ ಕಿವಿಯ ತುದಿ ಕತ್ತರಿಸುವಂತೆ ಅದನ್ನೂ ಕತ್ತರಿಸಿದ್ದ. "ಮಂದಿ ಹಿಂಡಿನ್ಯಾಗ ಕೂಡಿದ್ರೂ ಗುರ್ತು ಸಿಗಬೇಕಲ್ಲ" ಎಂದ.

ಮಾಸ್ತರರು ಸಿಟ್ಟಾದರು. "ಇನ್ನ ನಿನಗ ಪುಸ್ತಕ ಕೊಡಂಗಿಲ್ಲ."

ನಾನು ಅಜ್ಜನ ಕೈ ಹಿಡಿದು ಶಾಲೆಗೆ ಎಳೆದೊಯ್ದೆ. "ತಪ್ಪ ನಂದರಿ ಮಾಸ್ತರ್ರ. ಆಕಿಗಿ ಪುಸ್ತಕ ಕೊಡ್ರಿ. ನಾ ಕೇಳಿದ್ದಕ್ಕ ಆಕಿ ಇನ್ನೂ ಉತ್ತರ ಹೇಳೂದೈತಿ" ಎಂದ.

ಮಾಸ್ತರರಿಗೆ ನಗು ಬಂತು. "ಗುರ್ತು ನಿಮ್ಮದು ಬಿದ್ದ ಮ್ಯಾಲ ಇದು ನಿಮ್ಮ ಹಿಂಡಿಂದ ಆತಲ್ರಿ ಅಜ್ಜಾರ. ಒಯ್ರಿ." ಆಮೇಲೆ ನನಗೆ ಇನ್ನೊಂದು ಪುಸ್ತಕ ತೆಗೆದುಕೊಟ್ಟರು.

ಹೆಸರಿನ ಪಟ್ಟಿ ಕೊಟ್ಟು ಸುಮ್ಮನಾಗುವವಳಲ್ಲ ನಾನು. ಅಜ್ಜನ ಪ್ರಶ್ನೆಯ ಬೆನ್ನು ಹತ್ತಿ ಕೂಡಿಸಿದ ಪುಸ್ತಕಗಳೆಲ್ಲ ಈ ಕಪಾಟಿನಲ್ಲಿವೆ: ತೋಳ ನಾಯಿಯಾದದ್ದು, ಹುಲ್ಲು ಕಾಳಾದದ್ದು, ಬೇಟೆಗಾರ ಕುರುಬನಾದದ್ದು. ಮನೆಗೆ ಬನ್ನಿ, ಒಯ್ದು ಓದಿ. ಆದರೆ ಒಂದೊಂದರ ಕಿವಿಯನ್ನೂ ನಾನೇ ಕತ್ತರಿಸಿದ್ದೇನೆ. ಯಾರ ಕಪಾಟಿನಲ್ಲಿದ್ದರೂ ಗುರುತು ಹಿಡಿಯುತ್ತೇನೆ.