ವರ್ನೀಟಾ ‘ಇದೆ’ ಎಂದಳು

ಕೇಳಿರಿ ದೇವರ ಮಕ್ಕಳೇ, ಕಿವಿಯನ್ನಷ್ಟೇ ಅಲ್ಲ, ಮನಸ್ಸನ್ನೂ ಇತ್ತ ತಿರುಗಿಸಿ ಕೇಳಿರಿ. ಅಲಬಾಮಾದ ನಮ್ಮ ಪುಟ್ಟ ಪಟ್ಟಣದಲ್ಲಿ, ಮನೆಯ ಮುಂಗೋಣೆಯಲ್ಲೇ ಹೆಂಗಸರಿಗೆ ಜಡೆ ಹೆಣೆದು ಬದುಕುವ ವರ್ನೀಟಾ ಪ್ರುಯಿಟ್‌ಳ ಸಂಗತಿಯಿದು.

ವರ್ನೀಟಾಳಿಗೆ ಬೈಪೋಲಾರ್ ಕಾಯಿಲೆ. ಮನಸ್ಸು ಕೆಲವು ವಾರ ನಿದ್ದೆಯನ್ನೇ ಮರೆತು ಮುಗಿಲಿಗೇರುತ್ತಿತ್ತು. ಆಮೇಲೆ ಹಾಸಿಗೆಯಿಂದ ಏಳಲಾರದಷ್ಟು ಕುಸಿಯುತ್ತಿತ್ತು. ಒಮ್ಮೆ ಹೆದ್ದಾರಿಯ ನಡುವೆ ಬರಿಗಾಲಲ್ಲಿ ನಿಂತು ಲಾರಿಗಳನ್ನು ಆಶೀರ್ವದಿಸುತ್ತಿದ್ದವಳನ್ನು ಪೊಲೀಸರು ಕರೆತಂದಿದ್ದರು. ಅಂಥವಳನ್ನು ನೆಲದ ಮೇಲೆ ನಿಲ್ಲಿಸಿದ್ದು ಲಿಥಿಯಂ ಮಾತ್ರೆ ಮತ್ತು ಡಾಕ್ಟರ್ ಒಕಾಫೋರರ ತಾಳ್ಮೆ. ಎರಡಕ್ಕೂ ಆಧಾರ ಆರೋಗ್ಯವಿಮೆ. ಸ್ವಂತ ಕಸುಬಿನವಳಾದ್ದರಿಂದ ವರ್ಷವರ್ಷವೂ ಅದನ್ನು ತಾನೇ ಆರಿಸಿಕೊಳ್ಳಬೇಕು. ಆ ಸಲ ಹಳೆಯ ವಿಮೆಯ ಕಂತು ಕೈಗೆಟುಕದಷ್ಟು ಏರಿತ್ತು.

ಭಾನುವಾರದ ಆರಾಧನೆಯ ಬಳಿಕ, ಚರ್ಚಿನ ಊಟದ ಕೋಣೆಯಲ್ಲಿ ಕರಿದ ಕೋಳಿಯ ಘಮ ತುಂಬಿದ್ದಾಗ, ಹಿರಿಯರೊಬ್ಬರ ಸೋದರಳಿಯ ಲಮಾರ್ ಅಗ್ಗದ ವಿಮೆ ಮಾರಲು ಮೇಜು ಹಾಕಿ ಕುಳಿತಿದ್ದ.

“ಅಕ್ಕಾ, ಅರ್ಧ ದುಡ್ಡಿಗೆ ವಿಮೆ! ಒಂದೇ ಪ್ರಶ್ನೆ, ಮನಸ್ಸಿನ ಕಾಯಿಲೆ ಏನಾದ್ರೂ ಇದ್ಯಾ? ಇಲ್ಲ ಅಂತ ಬರ್ಕೊಳ್ಲಾ?”

“ಇದೆ ಅಂತ ಬರ್ಕೊ.”

“ಇದೆ ಅಂದ್ರೆ ಕಂಪನಿ ಬಾಗಿಲು ಹಾಕ್ಕೊಂಡ್ಬಿಡುತ್ತೆ.”

“ಇಲ್ಲ ಅಂದ್ರೆ ನನ್ನ ಡಾಕ್ಟರಿಗೆ, ಮಾತ್ರೆಗೆ ದುಡ್ಡು ಕೊಡ್ತಾರಾ?”

ಲಮಾರ್ ಕೆಮ್ಮಿದ. “ಅದು... ಆ ಕಾಯಿಲೆ ಇದ್ರಲ್ಲಿ ಸೇರಲ್ಲಕ್ಕಾ.”

“ಹಾಗಾದ್ರೆ ಕೂದಲಿದ್ದೋರು ಒಳಗೆ ಬರಬಾರ್ದು ಅಂತ ಬೋರ್ಡ್ ಹಾಕಿ ನಾನು ಜಡೆ ಅಂಗಡಿ ಇಟ್ಟ ಹಾಗಾಯ್ತಲ್ಲೋ!”

ಸಭೆ ನಕ್ಕಿತು. ಚರ್ಚಿನ ಅತಿ ಹಿರಿಯಳಾದ ಮದರ್ ಹ್ಯಾಟಿ ನಗಲಿಲ್ಲ. ಗುಣವಾಗುವ ಮೊದಲೇ ಗುಣವಾಯಿತೆಂದು ಬಾಯಿಬಿಟ್ಟು ಸಾರುವುದೇ ಆ ಚರ್ಚಿನಲ್ಲಿ ವಿಶ್ವಾಸದ ಗುರುತು.

“ಮಗಾ, ನಿನ್ನ ತಲೆ ಮೇಲೆ ಕೈಯಿಟ್ಟು ಎಲ್ಲರೂ ಪ್ರಾರ್ಥನೆ ಮಾಡಿದ್ವಿ. ಇದೆ ಇದೆ ಅಂತ ಕಾಯಿಲೇನ ಮತ್ತೆ ಕರೀಬೇಡ. ಇಲ್ಲ ಅನ್ನೋದು ಸುಳ್ಳಲ್ಲ, ವಿಶ್ವಾಸ.”

‘ಇಲ್ಲ’ ಎಂದರೆ ಡಾಕ್ಟರು ಕೈತಪ್ಪುತ್ತಾರೆ. ‘ಇದೆ’ ಎಂದರೆ ಕಷ್ಟಕಾಲದಲ್ಲಿ ತನಗೆ ಅನ್ನವಿಕ್ಕಿದ ಸಭೆಯಲ್ಲೇ ಅವಿಶ್ವಾಸಿ ಎನಿಸಿಕೊಳ್ಳಬೇಕು. ವರ್ನೀಟಾ ಮದರ್ ಹ್ಯಾಟಿಯ ಕಡೆ ತಿರುಗಿದಳು.

“ಮದರ್, ನಿಮ್ಮ ಸಕ್ಕರೆ ಕಾಯಿಲೆಗೂ ಪ್ರಾರ್ಥನೆ ಮಾಡಿದ್ವಲ್ಲ, ಈಗ ತಾನೇ ಇನ್ಸುಲಿನ್ ಚುಚ್ಕೊಂಡು ಗೆಣಸಿನ ಸಿಹಿ ಪೈ ತಿಂದ್ರಿ. ನಿಮ್ಮ ಸೂಜಿ ದೇವರ ಕೃಪೆ, ನನ್ನ ಮಾತ್ರೆ ಅವಿಶ್ವಾಸವಾ? ನನ್ನ ಕಾಯಿಲೆ ಹೆಸರು ದೇವರಿಗೇ ಗೊತ್ತಿರುವಾಗ ಕಂಪನಿಯಿಂದ ಯಾಕೆ ಮುಚ್ಚಿಡ್ಲಿ?”

ಮರುದಿನ ಅವಳು, ಹಲವು ಕಂಪನಿಗಳ ವಿಮೆ ಒಂದೇ ಕಡೆ ಸಿಗುವ ಸರ್ಕಾರದ ವಿಮಾ ಸಂತೆಗೆ ಫೋನು ಮಾಡಿದಳು. ಅಲ್ಲಿ ಕಾಯಿಲೆಯ ನೆಪವೊಡ್ಡಿ ಯಾರನ್ನೂ ತಳ್ಳುವಂತಿಲ್ಲ, ಅದು ಕಾನೂನು. ಪ್ರತಿಯೊಂದು ವಿಮೆಗೂ ಅವಳದು ಅದೇ ಪಟ್ಟು: “ಡಾಕ್ಟರ್ ಒಕಾಫೋರ್ ಇದ್ದಾರಾ? ಲಿಥಿಯಂ ಇದ್ಯಾ?” ಅಗ್ಗದ ವಿಮೆಗಳು ದುಡ್ಡು ಕೊಡುವ ಡಾಕ್ಟರರ ಪಟ್ಟಿಯಲ್ಲಿ ಒಕಾಫೋರ್ ಇರಲಿಲ್ಲ. ಎರಡೂ ಇದ್ದದ್ದು ತುಸು ದುಬಾರಿ. ಈಸ್ಟರ್ ಹಬ್ಬಕ್ಕೆ ಕೊಳ್ಳಬೇಕೆಂದಿದ್ದ ಹೊಸ ಟೋಪಿಯ ಆಸೆ ಬಿಟ್ಟು ಅದನ್ನೇ ಹಿಡಿದಳು.

ಮುಂದಿನ ಭಾನುವಾರ, ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿನಲ್ಲಿ, ಹಳೆಯ ಟೋಪಿ ತೊಟ್ಟೇ ಎದ್ದು ನಿಂತಳು. “ನನಗೆ ಬೈಪೋಲಾರ್ ಇದೆ. ದೇವರಿಗೆ ಸ್ತೋತ್ರ, ಲಿಥಿಯಮ್ಮೂ ಇದೆ!”

ಯಾರ ಸಾಕ್ಷಿಗೂ ‘ಆಮೆನ್’ ತಪ್ಪದ ಆ ಸಭೆ ಅಂದು ಕಲ್ಲಾಯಿತು. ಮದರ್ ಹ್ಯಾಟಿಯ ಬೀಸಣಿಗೆಯೂ ನಿಂತಿತು.

“ಯಾರೂ ಅನ್ನಲ್ವಾ? ಸರಿ, ನಾನೇ ಅಂತೀನಿ. ಆಮೆನ್!” ಎಂದು ಗಟ್ಟಿಯಾಗಿ ಹೇಳಿ ಕುಳಿತಳು.

ಹೊರಗೆ ಮೆಟ್ಟಿಲ ಬಳಿ ಗಾಯಕವೃಂದದ ಕೋರಾ ಅವಳ ತೋಳು ಹಿಡಿದು ಪಿಸುಗುಟ್ಟಿದಳು: “ನನ್ನ ಮಗಂಗೂ ಹಾಗೇ ಕಣೇ... ವಿಮೆಯೋರನ್ನ ಏನಂತ ಕೇಳ್ಬೇಕು?”

“ಮೊದಲು ಪಿಸುಗುಟ್ಟೋದು ಬಿಡು. ನಾಳೆ ಬಾ, ಜಡೆ ಹಾಕ್ತಾ ಹೇಳ್ಕೊಡ್ತೀನಿ.”

ಪ್ರಿಯರೇ, ನಿಮ್ಮ ಮನೆಯಲ್ಲೂ ಅಂಥ ಕಾಯಿಲೆಯಿದ್ದರೆ ಅದರ ಹೆಸರನ್ನು ತಲೆಯೆತ್ತಿ ಹೇಳಿರಿ. ಒಳಗೆ ನಿಮ್ಮ ಡಾಕ್ಟರಿದ್ದಾರೋ, ಮದ್ದಿದೆಯೋ ಎಂದು ಕೇಳದೆ ಯಾವ ವಿಮೆಗೂ ಕೈಯೊಡ್ಡಬೇಡಿರಿ. ನೆರೆಯವರು ಎದ್ದು ನಿಂತು ‘ಇದೆ’ ಎಂದಾಗ, ದಯಮಾಡಿ, ನೀವು ಆಮೆನ್ ಅನ್ನಿರಿ.